ಉಳಿದ ಒಂಬತ್ತು ಮಕ್ಕಳು

ಪರೀಕ್ಷೆಯ ದಿನಗಳಲ್ಲಿ ಪುತ್ತೂರು, ಸುಳ್ಯ, ಕಡಬಗಳ ಬಸ್ ನಿಲ್ದಾಣಗಳಲ್ಲಿ ನಿಂತು ಕಿವಿಗೊಟ್ಟವರಿಗೆ ಒಂದು ಸಂಗತಿ ತಿಳಿಯದೆ ಇರದು. ಮಕ್ಕಳು ಉತ್ತರವನ್ನು ಬರೆಯುವ ಭಾಷೆ ಒಂದು; ಬರೆದುದರ ಸುಖದುಃಖವನ್ನು ಹಂಚಿಕೊಳ್ಳುವುದು ತುಳುವಿನಲ್ಲಿ, ಅರೆಭಾಷೆಯಲ್ಲಿ, ಬ್ಯಾರಿ ಭಾಷೆಯಲ್ಲಿ. "ಗಣಿತ ಹೇಗಾಯ್ತು ಮಾರಾಯ?" ಎಂದು ಆರಂಭವಾದ ಮಾತು ಬಿಟ್ಟುಹೋದ ಪ್ರಮೇಯವನ್ನು ದಾಟಿ, ತೋಟದ ಪಂಪು ಕೆಟ್ಟಿರುವುದು, ಅಕ್ಕ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದು, ಮುಂದೆ ವಿಜ್ಞಾನವೋ ವಾಣಿಜ್ಯವೋ ಎಂಬುದರವರೆಗೆ ಹರಿಯುತ್ತದೆ. ಹಿರಿಯರು ಇದನ್ನು ಕಾಡುಹರಟೆ ಎನ್ನುವುದುಂಟು. ನಾವು ಹಾಗೆನ್ನಲಾರೆವು.

ಈ ಸೀಮೆಯಲ್ಲಿ ಅಂಕದ ಮಾತಿನ ಹಿಂದೆ ಅಡಿಕೆಯ ಮಾತು ಅಡಗಿದೆ. ಸುಳ್ಯದ ಸಂಪಾಜೆ, ಅರಂತೋಡು ಭಾಗಗಳಲ್ಲಿ ಹಳದಿ ಎಲೆ ರೋಗವು ದಶಕಗಳಿಂದ ತೋಟಗಳನ್ನು ಸವೆಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಜೊತೆಗೂಡಿತು. ಹಿಂದೆ ಓದು ಹತ್ತದ ಹುಡುಗನಿಗೆ "ತೋಟ ನೋಡಿಕೊಂಡಿರಲಿ" ಎಂಬ ಮಾತಿನ ಆಸರೆಯಾದರೂ ಇತ್ತು. ಮರ ಹಳದಿಗಟ್ಟಿದಂತೆ ಆ ಆಸರೆಯೂ ಸಡಿಲಿತು. ಹದಿನೈದರ ಬಾಲಕನ ಅಂಕಪಟ್ಟಿಯ ಮೇಲೆ ಮನೆಯ ಭಾರವೆಲ್ಲ ಕುಳಿತಿತು. ಅದನ್ನು ಅವನು ತಂದೆಯೊಡನೆ ಆಡಲಾರ, ಗೆಳೆಯನೊಡನೆ ಆಡುತ್ತಾನೆ.

ಆ ಗೆಳೆತನದ ಮಾತೂ ನಿಂತುಹೋದ ಕಾಲವೊಂದಿತ್ತು. 2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಭಾಗದ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿ ನೆಟ್‌ವರ್ಕ್ ದೊರೆಯದೆ ರಸ್ತೆಯ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದಳು. ಸುರಿವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದರು. ಆ ಛಾಯಾಚಿತ್ರವನ್ನು ದೇಶವೇ ಕಂಡು ಮರುಗಿತು. ತಂದೆಯ ವಾತ್ಸಲ್ಯವನ್ನು ಎಲ್ಲರೂ ಕೊಂಡಾಡಿದರು. ಆ ಮಗುವಿನ ಪಕ್ಕದಲ್ಲಿ ಸಹಪಾಠಿ ಇರಲಿಲ್ಲವೆಂಬುದನ್ನು ಗಮನಿಸಿದವರು ವಿರಳ. ಆ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ಸರಿಯುತ್ತರ ಗುರುತಿಸುವ ಪ್ರಶ್ನೆಗಳೊಂದಿಗೆ ಮುಗಿಯಿತು.

ಈಗ ಮಾತು ಮರಳಿದೆ, ಫಲಿತಾಂಶವೂ ಉಜ್ವಲವಾಗಿದೆ. 2025ರ ಮಾರ್ಚ್-ಏಪ್ರಿಲ್ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಶೇ. 91.12 ಪಡೆದು ರಾಜ್ಯಕ್ಕೆ ಮೊದಲನೆಯದಾಯಿತು. ಸಂತೋಷಪಡತಕ್ಕ ವಿಷಯವೇ. ಆದರೆ ಓದುಗ ಬಂಧುಗಳೇ, ನೂರರಲ್ಲಿ ಐವತ್ತು ಮಂದಿ ಅನುತ್ತೀರ್ಣರಾಗುವ ಊರಿನಲ್ಲಿ ಸೋತವನಿಗೆ ಸೋತವರ ಸಂಗವಾದರೂ ಇರುತ್ತದೆ. ತೊಂಬತ್ತೊಂದು ಮಂದಿ ಗೆದ್ದ ಊರಿನಲ್ಲಿ ಉಳಿದ ಒಂಬತ್ತು ಮಕ್ಕಳ ಗತಿಯೇನು? ಪೇಟೆಯ ಬೀದಿಯಲ್ಲಿ ಗೆಳೆಯರ ಭಾವಚಿತ್ರಗಳ ಫ್ಲೆಕ್ಸುಗಳು ತೂಗಾಡುತ್ತವೆ. ನಮ್ಮ ಸಮಾಜದ ಸಂಘಗಳೂ ಇದಕ್ಕೆ ಹೊರತಲ್ಲ. ಪ್ರತಿಭಾ ಪುರಸ್ಕಾರದ ವೇದಿಕೆಯ ಮೇಲೆ ಶಾಲು ಹೊದೆಸಿಕೊಂಡವರ ಹೆಸರು ನಮಗೆ ಬಾಯಿಪಾಠ, ಆ ದಿನ ಸಭೆಗೇ ಬಾರದೆ ಮನೆಯಲ್ಲಿ ಉಳಿದವನ ಹೆಸರು ಯಾರಿಗೂ ತಿಳಿಯದು.

2024ರಲ್ಲಿ ಸರ್ಕಾರವು ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯನ್ನು ತಂದಿತು. ಬರೆದ ಪರೀಕ್ಷೆಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿತೋ ಅದೇ ಉಳಿಯುತ್ತದೆ. ಮಂಡಳಿಯನ್ನು ಟೀಕಿಸುವುದು ಸುಲಭ. ಇದು ಮಾತ್ರ ಮಕ್ಕಳ ಮನಸ್ಸನ್ನು ಬಲ್ಲ ಏರ್ಪಾಡೆಂದೇ ನಾವು ಭಾವಿಸುತ್ತೇವೆ. ಹಿಂದೆ "ಫೇಲು" ಎಂಬ ಎರಡಕ್ಷರ ಮನೆಯ ಜಗಲಿಯಲ್ಲಿ ಶಾಶ್ವತವಾಗಿ ಕುಳಿತುಬಿಡುತ್ತಿತ್ತು. ಈಗ ಅದಕ್ಕೆ ಕೆಲವೇ ತಿಂಗಳುಗಳ ಆಯುಷ್ಯ.

ಆದರೆ ಎರಡನೆಯ ಪರೀಕ್ಷೆಗೆ ಹೊರಡುವ ಮಗುವಿನ ಜೊತೆಗೆ ಹರಟುವವರಿಲ್ಲ. ಗೆಳೆಯರು ಪಿ.ಯು. ತರಗತಿಯ ಹೊಸ ಪುಸ್ತಕಗಳ ಮಾತಿನಲ್ಲಿದ್ದಾರೆ. ಮನೆಯಲ್ಲಿ ಅಪ್ಪ ಮೌನಿ, ಅಮ್ಮ ಕಣ್ಣೀರು. ನೆರೆಯ ದೊಡ್ಡಪ್ಪನಂಥವರು ಸಿಕ್ಕಿದರೆ ಮೊದಲ ಪ್ರಶ್ನೆಯೇ "ಎಷ್ಟರಲ್ಲಿ ಹೋಯಿತು?" ಎಂದು. ಮುಂದಿನ ಬೇಸಿಗೆಯಲ್ಲಿ ಇಂಥ ಮಗು ನಿಮ್ಮ ಕೇರಿಯಲ್ಲಿದ್ದರೆ, ಪಿ.ಯು. ಓದುತ್ತಿರುವ ನಿಮ್ಮ ಮಗನನ್ನೋ ಮಗಳನ್ನೋ ಹಳೆಯ ಗಣಿತದ ಪುಸ್ತಕ ಕೊಟ್ಟು ಅವನ ಮನೆಗೆ ಕಳುಹಿಸಿರಿ. ಲೆಕ್ಕ ಎರಡೇ ಆಗಲಿ, ಹರಟೆ ನಾಲ್ಕು ತಾಸು ನಡೆಯಲಿ. ನಡುವೆ ಹೋಗಿ ಗದರಿಸಬೇಡಿರಿ.