ಬರೆದರೆ ಎದೆ ಹಗುರ

ಮಕ್ಕಳೇ, ನಾಗಸಂದ್ರದ ನಮ್ಮ ಮನೆಗಳಲ್ಲಿ ಈಗ ಮಿಕ್ಸಿಯದೇ ಸದ್ದು. ಹಿಂದೆ ಹಳ್ಳಿಗಳಲ್ಲಿ ಹೆಂಗಸರು ಬೆಳಗಿನ ಜಾವವೇ ರಾಗಿಕಲ್ಲಿನ ಮುಂದೆ ಕೂತು, ಬೀಸುತ್ತಾ ಪದ ಕಟ್ಟಿ ಹಾಡುತ್ತಿದ್ದರು. ತವರಿನ ನೆನಪು, ಮಗು ಹೋದ ಸಂಕಟ, ಯಾರಿಗೂ ಹೇಳಲಾಗದ ಮಾತು ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ ಹೊರಬರುತ್ತಿತ್ತು. ಕೇಳಲು ಆ ಕಲ್ಲಾದರೂ ಇತ್ತು.

ಧಾರವಾಡದ ವರಕವಿ ದ.ರಾ. ಬೇಂದ್ರೆಯವರು (1896–1981) ಹಲವು ಮಕ್ಕಳನ್ನು ಕಳೆದುಕೊಂಡವರು. ಮಗುವನ್ನು ಕಳೆದುಕೊಂಡ ಹೆಂಡತಿಯ ನೋಟ ಎದುರಿಸಲಾರದ ಗಂಡನ ನೋವನ್ನು ಅವರು ಕವಿತೆಯಾಗಿಸಿದರು. ಅಂಥದೇ ದುಃಖ ಕಂಡವರಿಗೆ ಆ ಹಾಡು ಇಂದಿಗೂ ಜೊತೆಯಾಗಿದೆ.

1986ರಲ್ಲಿ ಪ್ರಕಟವಾದ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ನೋವನ್ನು ಬರೆದರು. ಬರೆದ ಕೂಡಲೇ ಬೇಸರ ಹೆಚ್ಚಿತು. ಆದರೆ ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ.

ನೀವೂ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನಾಯಿತು, ಆಗ ಹೇಗನಿಸಿತು, ಎರಡನ್ನೂ ಬರೆಯಿರಿ. ಪ್ರಾಸ ಬೇಕಿಲ್ಲ, ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಕಣ್ಣು ಮಂಜಾದ ತಾತ ಹೇಳಲಿ, ಮೊಮ್ಮಗಳು ಬರೆದುಕೊಳ್ಳಲಿ. ಹಿರಿಯರೇ, ಮಗುವಿನ ಪುಸ್ತಕವನ್ನು ಕೇಳದೆ ತೆರೆಯಬೇಡಿ. ನಂಬಿಕೆ ಹೋದರೆ ಅದು ಬರೆಯುವುದನ್ನೇ ಬಿಟ್ಟೀತು.

ಊಟ, ನಿದ್ದೆ ಸೇರದಷ್ಟು ದುಃಖ ವಾರಗಟ್ಟಲೆ ಉಳಿದರೆ ಪುಸ್ತಕವೊಂದೇ ಸಾಲದು. ಮನೆಯವರಿಗೋ ಟೀಚರಿಗೋ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.