ಮರದ ಪಾತ್ರ ಸಾಕೇ?

ಕಲಿಕೆಯಲ್ಲಿ ತೀರ ನಿಧಾನವಿರುವ ಹುಡುಗನಿಗೆ ಶಾಲಾ ವಾರ್ಷಿಕೋತ್ಸವದಲ್ಲಿ ಸಿಗುವುದು ಹೆಚ್ಚೆಂದರೆ ಮರದ ಪಾತ್ರ. ಮೂವತ್ತು ದಾಟಿ, ಇತರರ ನೆರವಿನಲ್ಲೇ ದಿನ ಕಳೆಯುವ ಹೊತ್ತಿಗೆ ಅದೂ ಇಲ್ಲ.

ಆಸ್ಟ್ರೇಲಿಯದ ಜೀಲಾಂಗ್ ನಗರದಲ್ಲಿ 1987ರಲ್ಲಿ ಹುಟ್ಟಿದ ‘ಬ್ಯಾಕ್ ಟು ಬ್ಯಾಕ್’ ನಾಟಕ ತಂಡದ ನಟರು ಬೌದ್ಧಿಕ ನ್ಯೂನತೆ ಇತ್ಯಾದಿ ಇರುವ ವಯಸ್ಕರು. ಅಲ್ಲಿ ಅಭಿನಯ ಕಾಲಕ್ಷೇಪವಲ್ಲ, ಸಂಬಳದ ಉದ್ಯೋಗ. ಕಥೆ ಕಟ್ಟುವುದರಲ್ಲೂ ಅವರ ಪಾಲಿದೆ. ಒಂದು ನಾಟಕಕ್ಕೆ ವರ್ಷಗಳೇ ಹಿಡಿಯುವುದುಂಟು. 2011ರಲ್ಲಿ ಅವರು ಆಡಿದ ನಾಟಕದಲ್ಲಿ ನಮ್ಮ ಗಣಪತಿ ಸ್ವಸ್ತಿಕವನ್ನು ಮರಳಿ ತರಲು ಹಿಟ್ಲರನ ಜರ್ಮನಿಗೇ ಹೊರಡುತ್ತಾನೆ! ನಡುನಡುವೆ ನಟರು, ಈ ಕಥೆ ಹೇಳುವ ಹಕ್ಕು ತಮಗುಂಟೇ ಎಂದು ರಂಗದ ಮೇಲೆಯೇ ಜಗಳವಾಡುತ್ತಾರೆ. 2024ರಲ್ಲಿ ವೆನಿಸ್ ರಂಗೋತ್ಸವವು ತಂಡಕ್ಕೆ ಜೀವಮಾನ ಸಾಧನೆಯ ಸ್ವರ್ಣಸಿಂಹ ನೀಡಿತು.

ಚಪ್ಪಾಳೆಯಿಂದ ಧೈರ್ಯ ಬರುತ್ತದೆ ಎನ್ನುವುದು ಅರ್ಧ ನಿಜ. ಕರುಣೆಯ ಚಪ್ಪಾಳೆ ಯಾವುದೆಂದು ಅವರಿಗೂ ತಿಳಿಯುತ್ತದೆ. ಮಾತು ಮುಗಿಯುವವರೆಗೆ ಕಾಯುವುದು, ತಪ್ಪಿದರೆ ‘ಇನ್ನೊಮ್ಮೆ’ ಎನ್ನುವುದು ದೊಡ್ಡದು. ಪಿಪೆಟ್ಟನ್ನು ಕೈಗೇ ಕೊಡದೆ ಟೈಟ್ರೇಷನ್ ಕಲಿಸಲಾದೀತೇ?

ನಿಮ್ಮ ಮನೆಯಲ್ಲೂ ಅಂಥ ಅಣ್ಣನೋ ಅತ್ತೆಯೋ ಇದ್ದರೆ, ಬಡಾವಣೆಯ ಗಣೇಶೋತ್ಸವದ ನಾಟಕದಲ್ಲಿ ಅವರಿಗೊಂದು ಮಾತಿರುವ ಪಾತ್ರವನ್ನೇ ಕೇಳಿ. ತಾಲೀಮನ್ನು ಎರಡು ತಿಂಗಳು ಮೊದಲೇ ಶುರು ಮಾಡಬೇಕಾದೀತು, ಅಷ್ಟೆ.