ಹಲ್ಲಿಗಳ ದ್ವೀಪಕ್ಕೆ ಹಾವು ಬಂತು

ಸೋದರಿಯರೇ, ಹಲ್ಲಿ ಎಂದೊಡನೆ ಮುಖ ಸಿಂಡರಿಸಬೇಡಿ. ಸ್ಪೇನ್ ದೇಶದ ಪೂರ್ವಕ್ಕೆ, ಮೆಡಿಟರೇನಿಯನ್ ಸಮುದ್ರದಲ್ಲಿ ಬಾಲಿಯಾರಿಕ್ ದ್ವೀಪಗಳಿವೆ. ಮಯೋರ್ಕ, ಮೆನೋರ್ಕ, ಇಬಿಜಾ, ಫಾರ್ಮೆಂಟೆರಾ ಇವು ದೊಡ್ಡವು. ಇಬಿಜಾ, ಫಾರ್ಮೆಂಟೆರಾ ಮತ್ತು ಅವುಗಳ ಸುತ್ತಲಿನ ಪುಟ್ಟ ನಡುಗಡ್ಡೆಗಳು ಒಂದು ವಿಶೇಷ ಜಾತಿಯ ಹಲ್ಲಿಯ ತವರು. ಒಂದು ನಡುಗಡ್ಡೆಯಲ್ಲಿ ಅದರ ಬಣ್ಣ ಹಸಿರು, ಇನ್ನೊಂದರಲ್ಲಿ ನೀಲಿ, ಮತ್ತೊಂದರಲ್ಲಿ ಕಪ್ಪು! ಹುಳುಹುಪ್ಪಟೆ ತಿಂದು, ಹೂವಿನ ಮಕರಂದ ಹೀರಿ, ಗಿಡಗಳ ಬೀಜ ಹರಡಿ ಅದು ಮಾಡುವ ಉಪಕಾರ ಅಷ್ಟಿಷ್ಟಲ್ಲ.

ಇಬಿಜಾದಲ್ಲಿ ಹಾವೇ ಇರಲಿಲ್ಲ. ಮತ್ತೆ ಬಂದದ್ದು ಹೇಗೆ ಅಂತೀರಾ? ಕೈತೋಟದ ಅಂದಕ್ಕೆಂದು ಸ್ಪೇನಿನಿಂದ ಹಳೆಯ ಆಲಿವ್ ಮರಗಳನ್ನು ಬೇರುಸಮೇತ ತರಿಸಿದರು. ಅವುಗಳ ಪೊಟರೆಯಲ್ಲಿ ಹಾವುಗಳೂ ಅಡಗಿ ಬಂದವು. 2003ರಲ್ಲಿ ಮೊದಲು ಕಣ್ಣಿಗೆ ಬಿದ್ದವು. ಈ ಹಾವಿನಿಂದ ಮನುಷ್ಯರಿಗೆ ಪ್ರಾಣಭಯವಿಲ್ಲ. ಆದರೆ ಹಾವಿನ ಪರಿಚಯವೇ ಇಲ್ಲದ ಹಲ್ಲಿಗಳು ಸುಲಭದ ತುತ್ತಾದವು. ಹಾವು ಬೀಡುಬಿಟ್ಟ ಕಡೆಗಳಲ್ಲಿ ಹಲ್ಲಿ ಕಾಣೆಯಾಗುತ್ತಾ ಬಂತು. ಈಗ ಅಲ್ಲಿಯವರು ಇಲಿಯ ಆಸೆ ತೋರಿಸಿ, ಬೋನಿಟ್ಟು ಹಾವು ಹಿಡಿಯುತ್ತಿದ್ದಾರೆ.

ಅಂದಕ್ಕೆಂದು ತಂದ ಮರ ಎಂಥ ಅನಾಹುತ ಮಾಡಿತು ನೋಡಿ! ಆದ್ದರಿಂದ ದೂರದೂರಿನಿಂದ ಗಿಡ ತರಿಸುವಾಗ ಹೂವಿನ ಚೆಂದ ನೋಡಿದರೆ ಸಾಲದು. ಬುಡದ ಮಣ್ಣನ್ನೂ ಒಮ್ಮೆ ಕೆದಕಿ ನೋಡಿ.